ಒಂದೇ ತಾನಿನ ಬಟ್ಟೆ

ಗುಂಡಿಯಮ್ಮ ಅನ್ನುವ ಹೆಸರು ಕೇಳಿ ಗುಂಡಗೆ ಇರಬೇಕು ಅಂದುಕೊಂಡವರು, ಅಂಗಡಿಗೆ ಬಂದು ಅವಳನ್ನು ನೋಡಿದ ಮೇಲೆ ಪೆಚ್ಚಾಗುತ್ತಿದ್ದರು. ಕಡ್ಡಿಯಂಥ ಹೆಂಗಸು. ಮದುವೆಯಾಗಿ ಬಂದ ಹೊಸತರಲ್ಲಿ ಗಂಡನ ಹೊಲಿಗೆ ಅಂಗಡಿಯಲ್ಲಿ ಅವಳ ಪಾಲಿಗೆ ಬಂದದ್ದು ಗುಂಡಿ ತೂರುವ ಕಾಜಾ ಕಟ್ಟಿ, ಗುಂಡಿ ಹೊಲಿಯುವ ಕೆಲಸ. ಅಂಗಿ ಹರಿದರೂ ಅವಳು ಹೊಲಿದ ಗುಂಡಿ ಉದುರುವುದಿಲ್ಲ ಅಂತ ಗಿರಾಕಿಗಳೇ ಆ ಹೆಸರಿಟ್ಟರು. ಆಮೇಲೆ ಅವಳು ಮಿಶನ್ನಿನ ಮೇಲೆ ಕೂತಳು, ಅಂಗಡಿಯ ಅರ್ಧ ಭಾರ ಹೊತ್ತಳು, ಮಗಳನ್ನು ಹೆತ್ತಳು, ಅಜ್ಜಿಯೂ ಆದಳು. ಹೆಸರು ಮಾತ್ರ ಗುಂಡಿಯಲ್ಲೇ ಉಳಿಯಿತು.

ಗಂಡನನ್ನು ಎಲ್ಲರೂ ಕರೆಯುತ್ತಿದ್ದದ್ದು ಮಾಸ್ಟ್ರು ಅಂತ. ಕತ್ತರಿ ಅವರದು, ಮಿಶನ್ನು ಇವಳದು. ಅವರು ಮೇಜಿನ ಮೇಲೆ ಬಟ್ಟೆ ಹರವಿ, ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಕತ್ತರಿಸಿ ಈ ಕಡೆ ಎಸೆದರೆ ಇವಳು ಹಿಡಿದು ಹೊಲಿಯುವುದು. ಮುಂದೆ ಅಂಗಡಿ, ಹಿಂದೆ ಒಂದು ಕೋಣೆ, ಅಡುಗೆಮನೆ, ನಡುವೆ ಒಂದು ಪರದೆ. ಇಡೀ ದಿನ ಎದುರುಬದುರು ಕೂತಿದ್ದರೂ ಅವರು ಇವಳ ಹೆಸರು ಹಿಡಿದು ಕರೆದದ್ದೇ ಇಲ್ಲ. "ಲೇ ಇವಳೇ" ಅಂದರೆ ಮುಗಿಯಿತು. ಇವಳು "ರೀ" ಅನ್ನುವಳು. ಅಷ್ಟರಲ್ಲೇ ಒಂದು ಸಂಸಾರ ನಡೆದುಹೋಯಿತು ಅನ್ನಿ.

ಆ ಮನೆಯವರಿಗೆ ಒಂದು ಹುಚ್ಚಿತ್ತು. ಎಲ್ಲಿಗಾದರೂ ಹೊರಟರೆ ಒಂದೇ ತಾನಿನ, ಅಂದರೆ ಒಂದೇ ಸುರುಳಿಯ, ಬಟ್ಟೆಯಲ್ಲಿ ಮನೆಮಂದಿಗೆಲ್ಲ ಹೊಲಿಯಬೇಕು. ಸುಮ್ಮನೆ ಹುಟ್ಟಿದ ಹುಚ್ಚಲ್ಲ. ಮಗಳು ಚಿಕ್ಕವಳಿದ್ದಾಗ ಒಂದು ವಸ್ತುಪ್ರದರ್ಶನದ ಜನಜಂಗುಳಿಯಲ್ಲಿ ಕೈತಪ್ಪಿ ಹೋಗಿದ್ದಳು. ಮಗು ನೋಡಲು ಹೇಗಿದೆ ಅಂತ ಪೊಲೀಸಿನವನು ಕೇಳಿದರೆ ಮಾಸ್ಟ್ರಿಗೆ ನಾಲಿಗೆಯೇ ಹೊರಳಲಿಲ್ಲ. "ಮುಖ ಹೇಳಕ್ಕೆ ಬರ್ತಿಲ್ಲ ಸಾರ್. ಫ್ರಾಕು ಇದೇ ಬಟ್ಟೇದು" ಅಂತ ತಮ್ಮ ಶರ್ಟನ್ನೇ ಎದೆಯ ಹತ್ತಿರ ಹಿಡಿದು ತೋರಿಸಿದರು. ಶರ್ಟಿನಲ್ಲಿ ಮಿಕ್ಕ ತುಂಡಿನಲ್ಲೇ ಮಗಳ ಫ್ರಾಕು ಆಗಿತ್ತು. ಸ್ವಲ್ಪ ಹೊತ್ತಿಗೆ ಪೊಲೀಸಿನವನು ನೀಲಿ ಚೌಕಳಿಯ ಆ ಫ್ರಾಕನ್ನೂ, ಅದರೊಳಗೆ ಅತ್ತು ಅತ್ತು ಕೆಂಪಾಗಿದ್ದ ಮಗಳನ್ನೂ ಎತ್ತಿಕೊಂಡು ಬಂದ. "ಹೆತ್ತ ಮಗಳ ಮುಖ ಗೊತ್ತಿಲ್ಲವಂತೆ, ಬಟ್ಟೆ ಗೊತ್ತಂತೆ" ಅಂತ ಗುಂಡಿಯಮ್ಮ ಎಷ್ಟೋ ವರ್ಷ ಅವರ ಕಾಲೆಳೆದಳು. ಆದರೆ ಅಂದಿನಿಂದ ಅದು ಮನೆಯ ಕಾನೂನಾಯಿತು. ಇವರು ಎಲ್ಲಿಗೆ ಹೋದರೂ ನೆಂಟರು "ಬ್ಯಾಂಡ್ ಸೆಟ್ಟಿನೋರು ಬಂದ್ರು" ಅಂತ ನಗುವುದು, ಇವರು ಅದನ್ನು ಕಿವಿಗೆ ಹಾಕಿಕೊಳ್ಳದಿರುವುದು, ಎರಡೂ ಅಭ್ಯಾಸವಾಗಿಹೋದವು.

ಇನ್ನೊಂದು ಸಂಗತಿ ಆ ಅಂಗಡಿಯ ಗೋಡೆಯ ಮೇಲಿತ್ತು. ಯಾವುದೋ ಕಾಲದ ಕ್ಯಾಲೆಂಡರು. ತಿಂಗಳ ಹಾಳೆಗಳೆಲ್ಲ ಹರಿದುಹೋಗಿ ಮೇಲಿನ ಚಿತ್ರ ಮಾತ್ರ ಉಳಿದಿತ್ತು: ಪರದೇಶದ ದೊಡ್ಡ ಊರಿನಲ್ಲಿ ಒಂದು ನದಿ, ಅದರ ಮೇಲೆ ಕಲ್ಲಿನ ಸೇತುವೆ, ಸಾಲಾಗಿ ದೀಪದ ಕಂಬಗಳು. ಮಾಸ್ಟ್ರು ಅದನ್ನು ಕತ್ತರಿಸಿ ನಿಲುಗನ್ನಡಿಯ ಪಕ್ಕ ಅಂಟಿಸಿದ್ದರು. "ಲೇ ಇವಳೇ, ಒಂದಿನ ಅಲ್ಲಿ ಹೋಗಿ ನಿಂತ್ಕೊಂಡು ಫೋಟೋ ತೆಗೆಸ್ಕೊಳ್ಳೋಣ. ನೀನು ನನ್ನ ತೋಳು ಹಿಡ್ಕೊಂಡಿರ್ಬೇಕು, ಸಿನಿಮಾದೋರ ಥರ." ಗುಂಡಿಯಮ್ಮ ಮೂಗು ಮುರಿಯುವಳು. "ಮೊದಲು ಆ ಪ್ಯಾಂಟಿನ ಕಾಲು ಕತ್ತರಿಸಿ ಕೊಡಿ, ಗಿರಾಕಿ ಬಂದು ಪ್ರಾಣ ತಿಂತಾನೆ." ಮೂಗು ಮುರಿದರೂ, ಕನ್ನಡಿ ಒರೆಸುವಾಗ ಆ ಚಿತ್ರದ ಧೂಳನ್ನೂ ಒರೆಸುತ್ತಿದ್ದವಳು ಅವಳೇ.

ಹೀಗಿರುವಾಗ ಮಾಸ್ಟ್ರ ಕತ್ತರಿ ತಪ್ಪತೊಡಗಿತು. ಒಂದು ದಿನ ಶರ್ಟಿಗೆ ಎರಡೂ ತೋಳು ಎಡಗೈಯದೇ ಬಂತು. ಗುಂಡಿಯಮ್ಮ ನಕ್ಕಳು. ಮುಂದಿನ ವಾರ ಮತ್ತೆ ಹಾಗೇ ಬಂದಾಗ ನಗಲಿಲ್ಲ. ತುಟಿ ಪಿಟಕ್ಕೆನ್ನದೆ ಅದೇ ಬಣ್ಣದ ಬಟ್ಟೆ ತಂದು ತಾನೇ ಬಲದ ತೋಳು ಕತ್ತರಿಸಿ ಹೊಲಿದಳು. ಗಿರಾಕಿಗಳ ಹತ್ತಿರ ಬಟ್ಟೆ ಸರಿಯಿಲ್ಲ ಅಂದಳು, ಕರೆಂಟು ಇರಲಿಲ್ಲ ಅಂದಳು, ತನ್ನ ಕಣ್ಣೇ ಮಂಜಾಗಿದೆ ಅಂತ ತಪ್ಪನ್ನು ಮೈಮೇಲೆ ಹಾಕಿಕೊಂಡಳು. ಮಾಸ್ಟ್ರು ಒಂದು ಮಧ್ಯಾಹ್ನ ಬೀದಿಯ ತುದಿಯಲ್ಲಿ ನಿಂತು ತಮ್ಮ ಅಂಗಡಿ ಯಾವುದು ಅಂತ ಔಷಧಿ ಅಂಗಡಿಯವನನ್ನು ಕೇಳಿದ ಮೇಲೆ ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ.

ಡಾಕ್ಟರು ಒಳ್ಳೆಯವರು, ಮೆಲ್ಲಗೆ ಹೇಳಿದರು. "ಹೊಸದು ಮೊದಲು ಹೋಗುತ್ತೆ. ಆಮೇಲೆ ಹಳೇದು. ಮುಖಗಳ ಗುರುತು ಸಿಗೋದೂ ನಿಧಾನಕ್ಕೆ ಕಮ್ಮಿ ಆಗುತ್ತೆ. ಎಲ್ಲಾದ್ರೂ ಹೋಗ್ಬೇಕು, ಏನಾದ್ರೂ ನೋಡ್ಬೇಕು ಅಂತಿದ್ರೆ ಈಗಲೇ ಹೋಗಿ ಬನ್ನಿ."

"ಬೇರೆಯೋರನ್ನ ಮರೀಲಿ ಸಾರ್. ನನ್ನ ಮರೀತಾರಾ?" ಅಂದಳು ಗುಂಡಿಯಮ್ಮ.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಅವಳಿಗೆ ಆ ಮನುಷ್ಯನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಮನೆಗೆ ಬಂದವಳೇ ಮಗಳಿಗೆ ಫೋನು ಮಾಡಿದಳು. ಆ ಸೇತುವೆಯ ಮೇಲೆ ಅವರನ್ನು ನಿಲ್ಲಿಸಬೇಕು. ತಮ್ಮ ತೋಳು ಹಿಡಿದವಳು ಯಾರು ಅಂತ ಅವರಿಗೆ ಗೊತ್ತಿರುವಾಗಲೇ ನಿಲ್ಲಿಸಬೇಕು. ಇನ್ನೇನೂ ಬೇಡ.

ಮೊಮ್ಮಗಳೂ ಸೇರಿ ಐದು ಜನ ಹೊರಡುವುದು ಅಂತಾಯಿತು; ಮಗಳು, ಅಳಿಯ ಟಿಕೆಟ್ಟು, ಹೋಟೆಲು ಎಲ್ಲ ನೋಡಿಕೊಂಡರು. ಬಟ್ಟೆ ಮಾತ್ರ ಗುಂಡಿಯಮ್ಮನ ಪಾಲಿನದು. ಹುಡುಕಿ ಹುಡುಕಿ ಕಣ್ಣಿಗೆ ರಾಚುವ ಹಳದಿ ತಾನು ಆರಿಸಿದಳು. ಎಷ್ಟೇ ಜನರಿದ್ದರೂ ಮಾಸ್ಟ್ರ ಕಣ್ಣಿಗೆ ಬೀಳಬೇಕಲ್ಲ. ಅಲ್ಲಿ ಚಳಿ ಇರುತ್ತದೆ ಅಂದದ್ದಕ್ಕೆ, ಒಳಗೆ ಸ್ವೆಟರು ತೊಟ್ಟರೂ ಹಿಡಿಸುವ ಹಾಗೆ ಎಲ್ಲರದನ್ನೂ ಸಡಿಲವಾಗಿ ಹೊಲಿದಳು. ಅಳಿಯ ತನ್ನ ಶರ್ಟು ಎತ್ತಿ ಹಿಡಿದು ನೋಡಿದ. "ಅತ್ತೆ, ನಾವು ಊರು ನೋಡಕ್ಕೆ ಹೋಗ್ತಿದೀವೋ, ರಸ್ತೆ ರಿಪೇರಿಗೋ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾಸ್ಟ್ರೂ ನಕ್ಕರು. ಆ ನಗುವಿನ ಗುಂಗಿನಲ್ಲೇ ಗುಂಡಿಯಮ್ಮ ಒಂದು ಧೈರ್ಯ ಮಾಡಿದಳು. ತನ್ನ ಅಂಗಿಗೆ ತೆಗೆದಿಟ್ಟ ಬಟ್ಟೆಯನ್ನು ಮೇಜಿನ ಮೇಲೆ ಹರವಿ ಅವರ ಕೈಗೆ ಕತ್ತರಿ ಕೊಟ್ಟಳು, ಟೇಪನ್ನೂ ಕೊಟ್ಟಳು. ಅವರು ಟೇಪು ಪಕ್ಕಕ್ಕೆ ಸರಿಸಿದರು. "ನಿನ್ನ ಅಳತೆಗೆ ಟೇಪ್ ಯಾಕೆ?" ಅಂದವರೇ ಚಾಕ್‌ಪೀಸು ಹಿಡಿದು ಭುಜ, ತೋಳು, ಸೊಂಟದ ಗೆರೆ ಎಳೆದು ಸರಸರ ಕತ್ತರಿಸಿ ಎಸೆದರು. ಹೊಲಿದು ತೊಟ್ಟರೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಸ್ವೆಟರಿಗೆ ಜಾಗ ಬಿಟ್ಟಿರಲಿಲ್ಲ, ಅದೊಂದೇ ಕುಂದು. ಗುಂಡಿಯಮ್ಮ ಪರದೆಯ ಹಿಂದೆ ಹೋಗಿ ಆ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಡಾಕ್ಟರಿಗೆ ಏನು ಗೊತ್ತು ಮಣ್ಣು ಅಂದುಕೊಂಡಳು.

ಆ ದೊಡ್ಡ ಊರಿನಲ್ಲಿ ಮೊದಲ ದಿನಗಳು ಹೂವೆತ್ತಿದ ಹಾಗೆ ಕಳೆದವು. ನೆಲದೊಳಗಿನ ರೈಲಿನ ಮೆಟ್ಟಿಲು ತಾನೇ ಇಳಿಯುವುದನ್ನು ಕಂಡು ಗುಂಡಿಯಮ್ಮ "ಅಯ್ಯಪ್ಪಾ, ಇದಕ್ಕೇನು ಅವಸರ" ಅಂತ ಮೊಮ್ಮಗಳ ಹೆಗಲು ಹಿಡಿದಳು. ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾಲದ ರಾಜನ ಕೋಟು ಇತ್ತು. ಮಾಸ್ಟ್ರು ಗಾಜಿಗೆ ಮೂಗು ತಾಗಿಸಿ ನೋಡಿ, "ಕಾಲರ್ ಸರಿಯಾಗಿ ಕೂತಿಲ್ಲ" ಅಂತ ತೀರ್ಪು ಕೊಟ್ಟರು. ಕಾವಲಿನವಳು ಓಡಿಬಂದಳು, ಅಳಿಯ ಸಮಾಧಾನ ಹೇಳಿದ. ಜನ ಅಂದರೆ ಜನ. ಆದರೂ ಮಾಸ್ಟ್ರು ಒಮ್ಮೆಯೂ ದಾರಿ ತಪ್ಪಲಿಲ್ಲ. ಎರಡು ಹೆಜ್ಜೆ ಹಿಂದೆ ಬಿದ್ದರೆ ಸುತ್ತ ಕಣ್ಣಾಡಿಸಿ, ಹಳದಿ ಕಂಡ ಕೂಡಲೇ "ಲೇ ಇವಳೇ, ನಿಲ್ಲೇ" ಅಂತ ಬಂದು ಸೇರಿಕೊಳ್ಳುವರು. ಗುಂಡಿಯಮ್ಮ ಮಗಳನ್ನು ಮೊಣಕೈಯಲ್ಲಿ ತಿವಿಯುವಳು. "ನೋಡಿದ್ಯಾ? ಅಪ್ಪ ಎಷ್ಟು ಚುರುಕಾಗಿದಾರೆ! ಏನೋ ಹೆದರಿಸಿಬಿಟ್ರು."

ಒಂದೇ ಒಂದು ಸಲ ಎಡವಟ್ಟಾಗಿತ್ತು. ಬೆಳಿಗ್ಗೆ ಹೋಟೆಲಿನ ಕೋಣೆಯಲ್ಲಿ ಅವಳು ಸ್ನಾನ ಮುಗಿಸಿ, ಟವೆಲು ಹೊದ್ದು ಬಚ್ಚಲಿನಿಂದ ಹೊರಗೆ ಬಂದಾಗ ಮಾಸ್ಟ್ರು ಹಾಸಿಗೆಯಲ್ಲಿ ಎದ್ದು ಕೂತು, ಮುಖ ಪಕ್ಕಕ್ಕೆ ತಿರುಗಿಸಿ, "ಕೋಣೆ ಆಮೇಲೆ ಗುಡಿಸಿದ್ರಾಯ್ತಮ್ಮ, ಈಗ ಹೋಗಿ" ಅಂದಿದ್ದರು. ನಿದ್ದೆಗಣ್ಣು, ಪಾಪ, ಅಂತ ಅವಳು ಒಳಗೆ ಹೋಗಿ ಹಳದಿ ಅಂಗಿ ತೊಟ್ಟು ಬಂದಳು. "ಎಲ್ಲಿ ಹೋಗಿದ್ಯೇ? ಯಾರೋ ಬಂದಿದ್ರು" ಅಂದರು. ಅವಳು ನಕ್ಕಳು. ಅದನ್ನು ಮಗಳಿಗೆ ಹೇಳಲಿಲ್ಲ. ತನಗೆ ತಾನೂ ಮತ್ತೆ ಹೇಳಿಕೊಳ್ಳಲಿಲ್ಲ.

ಸೇತುವೆಯನ್ನು ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದರು. ಆ ದಿನವೇ ಮಳೆ ಬರಬೇಕೇ. ನದಿಯ ಕಡೆಯಿಂದ ಗಾಳಿ ಬೇರೆ, ಮೂಳೆ ಕೊರೆಯುವಂಥದು. ಮಗಳು ಅಂಗಡಿಯೊಂದಕ್ಕೆ ನುಗ್ಗಿ ಎಲ್ಲರಿಗೂ ಮಳೆಕೋಟು ತಂದಳು. ಇದ್ದದ್ದು ಕಪ್ಪು ಬಣ್ಣದ್ದೇ. ಮೊಮ್ಮಗಳು, ಅಳಿಯ ತೊಟ್ಟರು. ಮಾಸ್ಟ್ರಿಗೂ ತೊಡಿಸಿದರು. ಗುಂಡಿಯಮ್ಮ ಬೇಡವೇ ಬೇಡ ಅಂದಳು. ಅವಳ ಅಂಗಿಯೊಳಗೆ ಸ್ವೆಟರು ಇರಲಿಲ್ಲ, ಹಲ್ಲು ಕಟಕಟ ಅನ್ನುತ್ತಿತ್ತು, ಕೆಮ್ಮು ಹಿಂದಿನ ದಿನವೇ ಶುರುವಾಗಿತ್ತು.

"ಅಮ್ಮ, ಹಟ ಮಾಡ್ಬೇಡ. ನೀನು ಮಲಗಿಬಿಟ್ರೆ ಅಪ್ಪನ್ನ ಯಾರು ನೋಡ್ಕೋತಾರೆ?" ಅಂತ ಮಗಳು ರೇಗಿದಳು.

ಆ ಮಾತಿಗೆ ಅವಳು ಸೋತಳು. ಮಳೆ ನಿಲ್ಲುವ ತನಕ ಮಾತ್ರ, ಅಂತ ಕೋಟು ಹೆಗಲಿಗೇರಿಸಿದಳು. ಗುಂಡಿಗಳು ದಪ್ಪ, ಕಾಜಾ ಬಿಗಿ. ಒಂದು ಕೈಯಲ್ಲಿ ಆಗುವ ಕೆಲಸವಲ್ಲ. ಅಲ್ಲಿಯ ತನಕ ಹಿಡಿದಿದ್ದ ಮಾಸ್ಟ್ರ ತೋಳು ಬಿಟ್ಟು, ಎರಡೂ ಕೈಯಿಂದ ಕೆಳಗಿನಿಂದ ಕತ್ತಿನವರೆಗೆ ಒಂದೊಂದೇ ಗುಂಡಿ ಹಾಕಿಕೊಂಡಳು. ತಲೆಯೆತ್ತಿ ನೋಡಿದರೆ ಪಕ್ಕದಲ್ಲಿ ಅವರಿಲ್ಲ.

ಬೀದಿಯ ತುಂಬ ಕಪ್ಪು ಕೋಟುಗಳು, ಕಪ್ಪು ಕೊಡೆಗಳು. ಎಲ್ಲರೂ ಒಂದೇ ತಾನಿನಲ್ಲಿ ಹೊಲಿಸಿಕೊಂಡ ಹಾಗೆ. ಅಳಿಯ ಒಂದು ಕಡೆ ಓಡಿದ, ಮಗಳು ಇನ್ನೊಂದು ಕಡೆ. ಯಾರನ್ನು ಏನಂತ ಕೇಳುವುದು? ಆ ಜನರ ಮಾತು ಬಾರದು. ಕೂಡಲೇ ಅವಳಿಗೆ ಹೊಳೆಯಿತು. ಛೆ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ, ಅವರು ನನ್ನನ್ನು ಹೇಗೆ ಕಂಡುಹಿಡಿಯಬೇಕು? ಈಗ ತಾನೇ ಹಾಕಿದ ಗುಂಡಿಗಳನ್ನು ಬಿಚ್ಚಲಾಗದೆ ಎಳೆದಳು. ಪಟಪಟ ಕಿತ್ತುಬಂದವು. ಕೋಟನ್ನು ಮೊಮ್ಮಗಳ ಕೈಗೆ ಎಸೆದು, ಸುರಿಯುವ ಮಳೆಯಲ್ಲಿ ಹಳದಿ ಅಂಗಿಯಲ್ಲಿ ಬೀದಿಯ ನಡುವೆ ಹೋಗಿ ನಿಂತು "ರೀ! ರೀ!" ಅಂತ ಕೂಗಿದಳು. ಕಾರುಗಳು ನಿಂತವು. ಜನ ತಿರುಗಿ ನೋಡಿದರು. ಅವರು ಮಾತ್ರ ತಿರುಗಲಿಲ್ಲ.

ಕಂಡದ್ದು ಮೊಮ್ಮಗಳಿಗೆ. "ಅಜ್ಜಿ, ಅಲ್ಲಿ! ತಾತ ಅಲ್ಲಿದಾರೆ!"

ಬೀದಿ ತಿರುವಿನಲ್ಲಿ ರಸ್ತೆ ಅಗೆದಿದ್ದರು. ಹಳದಿ ಅಂಗಿ, ಹಳದಿ ಟೋಪಿಯ ಕೆಲಸಗಾರರು ಮಳೆಗೆ ಟಾರ್ಪಾಲಿನ ಕೆಳಗೆ ನಿಂತಿದ್ದರು. ಅವರ ನಡುವೆ ಮಗುಚಿಟ್ಟ ಡಬ್ಬದ ಮೇಲೆ ಮಾಸ್ಟ್ರು ಕೂತಿದ್ದರು, ಕೈಯಲ್ಲಿ ಯಾರೋ ಕೊಟ್ಟ ಬಿಸಿ ಚಹಾ. ಪಕ್ಕದಲ್ಲಿ ರಸ್ತೆ ಕೆಲಸದ ನಡುವಯಸ್ಸಿನ ಹೆಂಗಸು, ಗಾಡಿಗಳನ್ನು ನಿಲ್ಲಿಸುವ ಹಲಗೆ ಗೋಡೆಗೊರಗಿಸಿ ಕೂತಿದ್ದಳು. ಮಾಸ್ಟ್ರು ಅವಳ ಹಳದಿ ತೋಳನ್ನು ಹಿಡಿದುಕೊಂಡಿದ್ದರು. ಒಂದಕ್ಷರ ಅರ್ಥವಾಗದಿದ್ದರೂ ಆ ಪುಣ್ಯಾತ್ಗಿತ್ತಿ ತಲೆಯಾಡಿಸುತ್ತ ಕೇಳುತ್ತಿದ್ದಳು. ಗುಂಡಿಯಮ್ಮನಿಗೆ ಮಾತ್ರ ಪ್ರತಿಯೊಂದು ಅಕ್ಷರವೂ ಅರ್ಥವಾಯಿತು.

"...ಲೇ ಇವಳೇ, ಯಾರಿಗೂ ಹೇಳ್ಬೇಡ. ನನಗೆ ಎಲ್ಲ ಮರೆತು ಹೋಗ್ತಿದೆ ಕಣೇ. ಎರಡೂ ತೋಳು ಎಡಗಡೇದೇ ಕತ್ತರಿಸಿದ್ದೆ, ನೀನು ಮುಚ್ಚಿಟ್ಟೆ, ನನಗೆ ಗೊತ್ತಾಗ್ಲಿಲ್ಲ ಅಂದ್ಕೊಂಡ್ಯಾ? ಎಲ್ಲ ಹೋಗ್ಲಿ, ನೀನೊಬ್ಬಳು ಕಣ್ಣೆದುರಿಗೆ ಇರು. ನಿನ್ನ ಮರೆಯಲ್ಲ ನಾನು. ಆಣೆ."

ನಲವತ್ತು ವರ್ಷದಲ್ಲಿ ಇವಳಿಗೆ ಒಮ್ಮೆಯೂ ಬಾಯಿಬಿಟ್ಟು ಹೇಳದಂಥ ಮಾತನ್ನು ಯಾರದೋ ತೋಳು ಹಿಡಿದು ಹೇಳುತ್ತಿದ್ದರು. ಗುಂಡಿಯಮ್ಮ ಮುಂದೆ ಹೋಗಿ ನಿಂತಳು. ಅಂಗಿ ಒದ್ದೆಯಾಗಿ ಮೈಗಂಟಿತ್ತು, ಕೂದಲಿನಿಂದ ನೀರಿಳಿಯುತ್ತಿತ್ತು.

"ರೀ, ನಾನು ಬಂದೆ. ಇಲ್ಲಿದೀನಿ ನೋಡಿ."

ಮಾಸ್ಟ್ರು ಮೊದಲು ಅಂಗಿ ನೋಡಿದರು. ಭುಜದ ಹೊಲಿಗೆ, ತೋಳು, ಗುಂಡಿಪಟ್ಟಿ. ಮುಖ ಅರಳಿತು. ಆಮೇಲೆ ಅವಳ ಮುಖ ನೋಡಿದರು. ಅರಳಿದ್ದು ಅಲ್ಲೇ ನಿಂತಿತು. ಗಿರಾಕಿಗಳಿಗೆಂದೇ ಇದ್ದ ಒಂದು ನಗು ಅವರಿಗಿತ್ತು. ಅದು ಬಂತು.

"ಓ, ನೀವೂ ನಮ್ಮ ಅಂಗಡೀಲೇ ಹೊಲಿಸಿದ್ದಾ? ನೋಡಿದ ಕೂಡಲೇ ಗೊತ್ತಾಯ್ತು, ನನ್ನ ಹೆಂಡತಿ ಹಾಕಿದ ಗುಂಡಿ ಅವು. ಚೆನ್ನಾಗಿ ನೆನೆದಿದೀರಲ್ಲಮ್ಮ, ಬನ್ನಿ, ಈ ಕಡೆ ನಿಂತ್ಕೊಳ್ಳಿ."

ಮೊಮ್ಮಗಳು ಬಂದು ಗುಂಡಿಯಮ್ಮನ ಸೊಂಟ ಹಿಡಿದುಕೊಂಡಳು. ಹೋಟೆಲಿನ ಆ ಬೆಳಿಗ್ಗೆ ಅವಳ ಕಣ್ಣ ಮುಂದೆ ಬಂದು ನಿಂತಿತು. ಇಷ್ಟು ದಿನ ಅವರು ಹಿಂದೆ ಹಿಂದೆ ಬಂದದ್ದು ಹಳದಿಯ ಹಿಂದೆ. ಅದರೊಳಗೆ ಅವಳಿದ್ದಳು, ಅಷ್ಟೆ. ಅವರಿಗೆ ದಾರಿ ತಪ್ಪದಿರಲಿ ಅಂತ ಹೊಲಿದ ಬಟ್ಟೆ ಇವಳ ಕಣ್ಣಿಗೇ ಪಟ್ಟಿ ಕಟ್ಟಿಬಿಟ್ಟಿತ್ತು. ಯಾವತ್ತು ಮರೆತರು? ಊರಲ್ಲೇ? ವಿಮಾನದಲ್ಲೇ? ಅದನ್ನು ತಿಳಿಯುವ ದಾರಿಯೂ ಇರಲಿಲ್ಲ. ಎದೆ ಒಡೆದುಹೋಗುವುದು ಅಂದರೆ ಏನೋ ಶಬ್ದ ಬರುತ್ತದೆ ಅಂದುಕೊಂಡಿದ್ದಳು. ಏನೂ ಬರಲಿಲ್ಲ. ಮಳೆ ಟಾರ್ಪಾಲಿನ ಮೇಲೆ ಬೀಳುತ್ತಲೇ ಇತ್ತು.

ಆ ಹೆಂಗಸನ್ನು ಜೊತೆಯವರು ಕೆಲಸಕ್ಕೆ ಕರೆದರು. ಅವಳು ಎದ್ದು ಹಲಗೆ ಎತ್ತಿಕೊಂಡಳು. ಮಾಸ್ಟ್ರು ಮಗುವಿನಂತೆ ಗಾಬರಿಯಾದರು. "ಲೇ, ಎಲ್ಲಿಗೆ ಹೊರಟೆ? ಇವಳೇ!" ಆ ಹೆಂಗಸು ಏನು ಮಾಡಬೇಕೆಂದು ತೋಚದೆ ಗುಂಡಿಯಮ್ಮನ ಕಡೆ ನೋಡಿದಳು.

ಗುಂಡಿಯಮ್ಮ ಮೂಗೊರೆಸಿಕೊಂಡಳು. ಎರಡು ಎಡದ ತೋಳು ಬಂದದ್ದನ್ನೇ ಮುಚ್ಚಿಟ್ಟು ದಾಟಿಸಿದವಳಲ್ಲವೇ, ಇದನ್ನೂ ದಾಟಿಸಿದಳು. "ಅವ್ರು ಕೆಲಸ ಮುಗಿಸಿ ಸೇತುವೆ ಹತ್ರ ಬರ್ತಾರಂತೆ ಮಾಸ್ಟ್ರೇ. ನಿಮ್ಮನ್ನ ಕರ್ಕೊಂಡು ಬರಕ್ಕೆ ನನಗೆ ಹೇಳಿದಾರೆ. ಬನ್ನಿ."

"ನೀವು ಯಾರು?"

"ನಾನು ಅವರ ಹತ್ರ ಗುಂಡಿ ಹೊಲಿಯೋಳು."

"ಹಾಗೋ. ಸರಿ ಮತ್ತೆ" ಅಂತ ಅವರು ಎದ್ದರು.

ಸೇತುವೆ ಕ್ಯಾಲೆಂಡರಿನಲ್ಲಿ ಇದ್ದ ಹಾಗೇ ಇತ್ತು. ದೀಪದ ಕಂಬಗಳು, ಕಲ್ಲಿನ ಕಟ್ಟೆ, ಕೆಳಗೆ ನದಿ. ಮಳೆ ಹನಿಯುವುದು ನಿಂತಿತ್ತು. ಮಾಸ್ಟ್ರು ಕೋಟು ಬಿಚ್ಚಿ ಅಳಿಯನ ಕೈಗೆ ಕೊಟ್ಟು, ಹಳದಿ ಶರ್ಟಿನ ಕಾಲರ್ ಸರಿಮಾಡಿಕೊಂಡು ಕಟ್ಟೆಗೆ ಬೆನ್ನು ಕೊಟ್ಟು ನಿಂತರು. ಈ ಜಾಗ ಅವರಿಗೆ ನೆನಪಿತ್ತು! ಫೋಟೋ ತೆಗೆಸಬೇಕು ಅನ್ನುವುದೂ ನೆನಪಿತ್ತು. ಮಗಳು ಅಳುವುದನ್ನು ನಿಲ್ಲಿಸಲಾರದೆ ಬೇರೆ ಕಡೆ ತಿರುಗಿದ್ದಳು. ರಸ್ತೆ ರಿಪೇರಿಯ ಜೋಕು ಮಾಡಿದ್ದ ಅಳಿಯ ತಲೆಯೆತ್ತುತ್ತಿರಲಿಲ್ಲ. ಹಾಗಾಗಿ ಫೋನು ಹಿಡಿದವಳು ಮೊಮ್ಮಗಳು.

ಗುಂಡಿಯಮ್ಮ ಪಕ್ಕಕ್ಕೆ ಹೋಗಿ ಮೆಲ್ಲಗೆ ಅವರ ತೋಳು ಹಿಡಿಯಲು ಕೈ ಚಾಚಿದಳು. ಮಾಸ್ಟ್ರು ಸಂಕೋಚದಿಂದ ಸರಿದರು.

"ತಪ್ಪು ತಿಳ್ಕೋಬೇಡಿ ಅಮ್ಮ. ಸ್ವಲ್ಪ ಆ ಕಡೆ ನಿಲ್ಲಿ. ಇಲ್ಲಿ ನಮ್ಮವಳು ನಿಲ್ಬೇಕು."

ಅವಳು ಸರಿದಳು. ಅವರು ನಡುವಿನ ಜಾಗವನ್ನು ಕಣ್ಣಲ್ಲೇ ಅಳೆದರು. "ಇನ್ನೊಂಚೂರು. ಹಾಂ, ಸಾಕು. ಅವಳು ಸಣ್ಣ ಮೈಯೋಳು, ಇಷ್ಟೇ ಜಾಗ ಸಾಕು. ಅವಳ ಅಳತೆ ನನಗೆ ಗೊತ್ತು." ಆಮೇಲೆ ತೋಳನ್ನು ಯಾರಾದರೂ ಹಿಡಿಯಲು ಅನುಕೂಲವಾಗುವಂತೆ ಸ್ವಲ್ಪ ಮಡಿಸಿ, ಮುಗುಳ್ನಗುತ್ತ, ಸೇತುವೆಯ ಆ ತುದಿಯನ್ನೇ ನೋಡುತ್ತ ನಿಂತರು.

ಬಹಳ ಹೊತ್ತು ಹಾಗೇ ನಿಂತರು. ಕೊನೆಗೆ ಮೊಮ್ಮಗಳು ಅವರನ್ನು ಕೇಳದೆಯೇ ಫೋಟೋ ತೆಗೆದಳು.

ಮಾಸ್ಟ್ರು ಈಗ ಪರದೆಯ ಹಿಂದಿನ ಕೋಣೆಯಲ್ಲೇ ಹೆಚ್ಚು ಮಲಗಿರುತ್ತಾರೆ. ಗುಂಡಿ ಹೊಲಿಯುವವಳು ಊಟ ಕೊಟ್ಟರೆ ಉಣ್ಣುತ್ತಾರೆ, ಸ್ನಾನ ಮಾಡಿಸಿದರೆ ನಾಚುತ್ತಾರೆ, ಹೆಂಡತಿ ಎಷ್ಟು ಹೊತ್ತಿಗೆ ಬರುತ್ತಾಳೆ ಅಂತ ಕೇಳುತ್ತಾರೆ. ಈಗ ಬಂದುಬಿಡ್ತಾರೆ ಮಾಸ್ಟ್ರೇ, ಅಂತ ಅವಳು ಹೇಳುತ್ತಾಳೆ. ಹಳದಿ ಅಂಗಿಯನ್ನು ಮತ್ತೆ ತೊಟ್ಟಿಲ್ಲ. ತೊಟ್ಟರೆ ಅವರು "ಲೇ ಇವಳೇ" ಅಂದರೂ ಅನ್ನಬಹುದು. ಅನ್ನದೆ ಹೋದರೆ ಅದನ್ನು ಇನ್ನೊಂದು ಸಲ ತಡೆದುಕೊಳ್ಳುವ ಶಕ್ತಿ ಅವಳಿಗಿಲ್ಲ.

ಫೋಟೋ ಮಾತ್ರ ನಿಲುಗನ್ನಡಿಯ ಪಕ್ಕ, ಹಳೆಯ ಕ್ಯಾಲೆಂಡರು ಇದ್ದ ಕಡೆ ಇದೆ. ಮೊನ್ನೆ ಅಳತೆ ಕೊಡಲು ಬಂದ ಹೊಸ ಮದುಮಗಳೊಬ್ಬಳು ಅದನ್ನು ನೋಡಿ ನಕ್ಕಳು. "ಏನಮ್ಮ, ಅಷ್ಟು ದೂರ ಹೋಗಿ ಇಷ್ಟು ದೂರ ನಿಂತ್ಕೊಂಡಿದೀರಾ? ಜಗಳ ಆಗಿತ್ತಾ? ನಡುವೆ ಇನ್ನೊಬ್ರು ನಿಲ್ಲೋಷ್ಟು ಜಾಗ ಇದೆಯಲ್ಲ!"

ಗುಂಡಿಯಮ್ಮ ಟೇಪನ್ನು ಹುಡುಗಿಯ ಭುಜದ ಮೇಲೆ ಹಿಡಿದಳು.

"ಅದು ನನ್ನ ಜಾಗ ಕಣಮ್ಮ. ಅವ್ರು ಯಾರಿಗೂ ಬಿಟ್ಟುಕೊಡಲಿಲ್ಲ. ನನಗೂ."